ಹಲ್ಲು ನಡೆಯುವ ವೇಗ

ನಮ್ಮ ಹಿಂದಿನ ಕವಿಗಳಿಗೆ ಹಲ್ಲೆಂದರೆ ಮಲ್ಲಿಗೆಯ ಮೊಗ್ಗು, ದಾಳಿಂಬೆಯ ಬೀಜ, ಕೋದಿಟ್ಟ ಮುತ್ತು. ಈ ಉಪಮೆಗಳನ್ನು ವರ್ಷಗಟ್ಟಲೆ ತರಗತಿಯಲ್ಲಿ ವಿವರಿಸಿದ ನಾನು, ಹಲ್ಲು ದವಡೆಯಲ್ಲಿ ಹೇಗೆ ನಿಂತಿದೆಯೆಂಬುದನ್ನು ಒಮ್ಮೆಯೂ ಯೋಚಿಸಿದವನಲ್ಲ. ಗೋಡೆಗೆ ಹೊಡೆದ ಗೂಟದಂತೆ ಅದು ಅಲುಗದೆ ನಿಂತಿರುತ್ತದೆಂದೇ ನನ್ನ ಭಾವನೆ. ಆ ಭಾವನೆ ತಪ್ಪೆಂದು ತಿಳಿದದ್ದು ಅರ್ಗಾದಲ್ಲಿರುವ ನನ್ನ ಮೊಮ್ಮಗಳಿಂದ. ಆದರೆ ತಿಳಿಯುವ ಮೊದಲೇ ನಾನೊಂದು ತಪ್ಪು ಮಾಡಿಯಾಗಿತ್ತು.

ಕಾರವಾರದಿಂದ ಅಂಕೋಲೆಯತ್ತ ಸಾಗುವ ಹೆದ್ದಾರಿಯಲ್ಲಿ, ನೌಕಾನೆಲೆಯ ನೆರೆಯಲ್ಲಿರುವ ಊರು ಅರ್ಗಾ. ಮೊಮ್ಮಗಳ ಮೇಲ್ದವಡೆಯ ಕೋರೆಹಲ್ಲು ಸ್ಥಳ ಸಾಲದೆ ಸಾಲಿನಿಂದ ಹೊರಗೆ ಚಾಚಿತ್ತು. ಅವಳಿಗೆ ಹದಿಮೂರು ತುಂಬಿದಾಗ, 2023ರ ಮೇ ತಿಂಗಳಲ್ಲಿ, ಕಾಳಿ ನದಿಯಾಚೆ ಗೋವೆಯ ಮಡಗಾಂವಿನ ದಂತವೈದ್ಯರೊಬ್ಬರಲ್ಲಿ ಕ್ಲಿಪ್ ಹಾಕಿಸಿದರು. ಎರಡು ವರ್ಷ ಹಿಡಿಯುತ್ತದೆ, ನಾಲ್ಕೈದು ವಾರಕ್ಕೊಮ್ಮೆ ತಪ್ಪದೆ ಬರಬೇಕು ಎಂದು ವೈದ್ಯರ ಅಪ್ಪಣೆಯಾಯಿತು. ತಂತಿಯನ್ನು ಒಮ್ಮೆ ಬಿಗಿದ ಮೇಲೆ ಮತ್ತೆ ಮತ್ತೆ ಹೋಗುವುದೇತಕ್ಕೆ? ಇದೆಲ್ಲ ಶುಲ್ಕದ ಉಪಾಯವಿರಬೇಕೆಂದು ನನ್ನ ಮನಸ್ಸು ಗೊಣಗಿತು.

2024ರ ಮಳೆಗಾಲವನ್ನು ನಮ್ಮ ಜಿಲ್ಲೆಯವರು ಮರೆಯಲಾರರು. ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ನುಂಗಿತು, ಜೀವಗಳು ಹೋದವು. ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಮುರಿದು ಬಿತ್ತು. ಪಕ್ಕದ ಹೊಸ ಸೇತುವೆಯ ಮೇಲೆ ಸಂಚಾರ ಬೇಗನೆ ಮೊದಲಾಯಿತಾದರೂ ನನ್ನ ಭಯ ಇಳಿಯಲಿಲ್ಲ. "ಮಳೆಗಾಲ ಕಳೀಲಿ ತಂಗೀ, ಹಲ್ಲೇನು ಓಡಿ ಹೋಗ್ತದೆಯೇ?" ಎಂದು ಮಗಳಿಗೆ ಹೇಳಿದೆ. ಹಾಗೆ ಎರಡು ಸರದಿಗಳು ತಪ್ಪಿದವು.

ಸೆಪ್ಟೆಂಬರಿನಲ್ಲಿ ನಾನೂ ಜೊತೆಗೆ ಹೋದೆ. ಕೋರೆಹಲ್ಲಿನ ಮೇಲೆ ಅಂಟಿಸಿದ್ದ ಪುಟ್ಟ ಬ್ರ್ಯಾಕೆಟ್ ಕಳಚಿಬಂದಿತ್ತು. ಸಾಲಿಗೆ ಸೇರಬೇಕಾದ ಹಲ್ಲು ನಿಂತಲ್ಲೇ ನಿಂತಿತ್ತು. ಪಕ್ಕದ ಹಲ್ಲು ತುಸು ತಿರುಗಿತ್ತು. ಸಡಿಲಾದ ತಂತಿಯ ತುದಿ ಕೆನ್ನೆಯ ಒಳಗೆ ಹುಣ್ಣು ಮಾಡಿತ್ತು. ಅಜ್ಜ ಬೇಡವೆಂದಿದ್ದಾರೆಂದು ಹುಡುಗಿ ನೋವನ್ನು ನುಂಗಿಕೊಂಡು ಸುಮ್ಮನಿದ್ದಳು. ವೈದ್ಯರು ಕೊಂಕಣಿ ಬೆರೆತ ಕನ್ನಡದಲ್ಲಿ ಮೆಲ್ಲಗೆ ಹೇಳಿದರು: "ಮಾಸ್ತರ್ರೇ, ಹಲ್ಲು ಓಡುವುದಿಲ್ಲ, ಆದರೆ ನಡೆಯುತ್ತದೆ. ನೋಡುವವರಿಲ್ಲದಿದ್ದರೆ ದಾರಿ ತಪ್ಪಿ ನಡೆಯುತ್ತದೆ."

ಆ ನಡಿಗೆಯ ಬಗೆಯನ್ನು ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಹಲ್ಲಿನ ಬೇರಿಗೂ ದವಡೆಯ ಎಲುಬಿಗೂ ನಡುವೆ ನಾರುಗಳ ತೆಳುವಾದ ಪೊರೆಯೊಂದಿದೆ. ಅದರ ದಪ್ಪ ಒಂದು ಮಿಲಿಮೀಟರಿನ ಕಾಲು ಭಾಗದಷ್ಟು. ತಂತಿಯು ಹಲ್ಲನ್ನು ಒಂದು ಕಡೆಗೆ ಹದವಾಗಿ ಒತ್ತಿದಾಗ, ಒತ್ತಡ ಬಿದ್ದ ಬದಿಯಲ್ಲಿ ಎಲುಬನ್ನು ಕರಗಿಸುವ ಜೀವಕೋಶಗಳು ಕೆಲಸಕ್ಕೆ ತೊಡಗುತ್ತವೆ. ಎಳೆತ ಬಿದ್ದ ಇನ್ನೊಂದು ಬದಿಯಲ್ಲಿ ಹೊಸ ಎಲುಬನ್ನು ಕಟ್ಟುವ ಕೋಶಗಳು ತೊಡಗುತ್ತವೆ. ಮುಂದೆ ಅಗೆತ, ಹಿಂದೆ ತುಂಬುವಿಕೆ. ಹೀಗೆ ಹಲ್ಲು ತನ್ನ ಮನೆಯನ್ನು ಹೊತ್ತುಕೊಂಡೇ ಸರಿಯುತ್ತದೆ. ಅದರ ವೇಗ ತಿಂಗಳಿಗೆ ಸುಮಾರು ಒಂದು ಮಿಲಿಮೀಟರು ಮಾತ್ರ.

ಹಾಗಾದರೆ ಇನ್ನಷ್ಟು ಬಿಗಿದು ಬೇಗ ಮುಗಿಸಬಾರದೇ ಎಂದು ಕೇಳಬಹುದು. ಬಾರದು. ಬಲ ಹೆಚ್ಚಾದರೆ ಆ ಪೊರೆಯಲ್ಲಿ ರಕ್ತಸಂಚಾರ ನಿಂತು, ಆ ಭಾಗ ನಿರ್ಜೀವವಾಗುತ್ತದೆ. ಅದು ತೆರವಾಗುವವರೆಗೆ ಹಲ್ಲು ಹಲವು ದಿನ, ವಾರಗಟ್ಟಲೆ ಕೂಡ, ಸ್ತಬ್ಧವಾಗುತ್ತದೆ. ಬೇರಿನ ತುದಿಯೇ ಸವೆಯುವ ಅಪಾಯವೂ ಉಂಟು. ವಾರವಾರವೂ ಬಿಗಿಸುವುದು ಇದರಿಂದಲೇ ಸಲ್ಲದು. ಇತ್ತ ಬಹಳ ಕಾಲ ಬಿಟ್ಟರೂ ಕೆಡುಕೇ. ಹಲ್ಲು ಸರಿದಂತೆ ತಂತಿಯ ಬಲ ಇಳಿಯುತ್ತದೆ. ಹಲ್ಲುಗಳನ್ನು ಎಳೆಯುವ ರಬ್ಬರಿನ ಸರಪಳಿ ಬಾಯಿಯ ತೇವಕ್ಕೆ ತನ್ನ ಬಿಗುವಿನ ದೊಡ್ಡ ಪಾಲನ್ನು ಮೊದಲ ಕೆಲವು ದಿನಗಳಲ್ಲೇ ಕಳೆದುಕೊಳ್ಳುತ್ತದೆ. ದಕ್ಕೆಯಲ್ಲಿ ದೋಣಿ ಕಟ್ಟುವವರು ಬಲ್ಲರು: ಭರತ ಇಳಿತಗಳನ್ನು ನೋಡಿ ಹಗ್ಗವನ್ನು ಸಡಿಲಿಸಿ ಬಿಗಿಯದಿದ್ದರೆ ಒಮ್ಮೆ ಕಟ್ಟಿದ ಗಂಟು ಉಪಯೋಗಕ್ಕಿಲ್ಲ.

ಆದ್ದರಿಂದ ನಾಲ್ಕರಿಂದ ಆರು ವಾರಗಳ ಅಂತರವೆಂಬುದು ಎಲುಬಿನ ಲಯವನ್ನು ನೋಡಿ ಹುಟ್ಟಿದ ಲೆಕ್ಕ. ಅದೂ ಕಲ್ಲಿನ ಮೇಲೆ ಬರೆದದ್ದಲ್ಲ. ಚಿಕಿತ್ಸೆಯ ಮೊದಲ ಹಂತದಲ್ಲಿ ಬಳಸುವ ನಿಕ್ಕಲ್ ಮತ್ತು ಟೈಟೇನಿಯಂ ಬೆರೆತ ತಂತಿ ಬಹುಕಾಲ ಸಮನಾದ, ಮೃದುವಾದ ಬಲವನ್ನು ಕೊಡುತ್ತದೆ; ಆಗ ಆರರಿಂದ ಎಂಟು ವಾರಗಳವರೆಗೂ ಕಾಯಬಹುದು. ಈ ಲೋಹದ ಹುಟ್ಟು ಸ್ವಾರಸ್ಯದ್ದು. 1960ರ ಆಸುಪಾಸಿನಲ್ಲಿ ಅಮೆರಿಕದ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಾಲಯದಲ್ಲಿ ಅದರ ಗುಣ ಬೆಳಕಿಗೆ ಬಂತು. ನಿಟಿನಾಲ್ ಎಂಬ ಅದರ ಹೆಸರಿನಲ್ಲೇ ಆ ಪ್ರಯೋಗಾಲಯದ ಮೊದಲಕ್ಷರಗಳು ಅಡಗಿವೆ. 1970ರ ದಶಕದಲ್ಲಿ ಆಂಡ್ರಿಯಾಸನ್ ಎಂಬ ದಂತವೈದ್ಯರು ಅದನ್ನು ಹಲ್ಲಿಗೆ ತಂದರು. ನೌಕಾನೆಲೆಯ ನೆರೆಯ ಹುಡುಗಿಯ ಬಾಯಿಗೆ, ಎಲ್ಲಿಯದೋ ನೌಕಾಪಡೆ ಕಂಡ ಲೋಹ ಬಂದು ಸೇರಿತು! 1728ರಲ್ಲಿ ಫ್ರಾನ್ಸಿನ ಪಿಯರ್ ಫೋಶಾರ್ ತನ್ನ ಗ್ರಂಥದಲ್ಲಿ ಹಲ್ಲಿಗೆ ಲೋಹದ ಪಟ್ಟಿ ಕಟ್ಟುವುದನ್ನು ವರ್ಣಿಸಿದಂದಿನಿಂದ ಈ ವಿದ್ಯೆ ಬಹುದೂರ ಬಂದಿದೆ. ಎಲುಬಿನ ನಡಿಗೆ ಮಾತ್ರ ಅಂದಿನದೇ.

ವೈದ್ಯರನ್ನು ಕಾಣುವುದು ಬಿಗಿಸುವುದಕ್ಕಷ್ಟೇ ಅಲ್ಲವೆಂಬುದನ್ನೂ ಕಲಿತೆ. ಕಳಚಿದ್ದೇನು, ಹುಳುಕು ಹಿಡಿದದ್ದೆಲ್ಲಿ, ವಸಡು ಬಾತಿದೆಯೇ ಎಂದು ನೋಡುವ ಕಣ್ಣು ಬೇಕು. ಪ್ರಯಾಣ ಸಾಧ್ಯವೇ ಇಲ್ಲದ ದಿನಗಳಲ್ಲಿ ಫೋನಿನಲ್ಲಾದರೂ ತಿಳಿಸಬೇಕು. ಕಳಚಿದ್ದು, ಚುಚ್ಚುವುದು ಇದ್ದರೆ ಸರದಿಯ ದಿನಕ್ಕೆ ಕಾಯಬಾರದು. ತಂತಿ ತೆಗೆದ ಮೇಲೂ ವಸಡಿನ ನಾರುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಒಂದು ವರ್ಷದಷ್ಟು ಕಾಲ ಬೇಕು. ಅದಕ್ಕೇ ಹಲ್ಲನ್ನು ಹಿಡಿದಿಡುವ ರಿಟೇನರನ್ನು ಬಹುಕಾಲ ಧರಿಸಬೇಕಾಗುತ್ತದೆ.

2025ರ ಮೇ ತಿಂಗಳಿಗೆ ಮುಗಿಯಬೇಕಾಗಿದ್ದ ಚಿಕಿತ್ಸೆ ಸೆಪ್ಟೆಂಬರಿಗೆ ಮುಗಿಯಿತು. ಆ ನಾಲ್ಕು ತಿಂಗಳು ನನ್ನ ಲೆಕ್ಕದವು. ಆ ದಿನ ಕನ್ನಡಿ ನೋಡಿಕೊಂಡು ಬಂದ ಹುಡುಗಿ, ಮೊದಲ ಸಲ ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕಳು. ಮಲ್ಲಿಗೆ, ದಾಳಿಂಬೆ, ಮುತ್ತು ಯಾವುದೂ ನನಗೆ ನೆನಪಾಗಲಿಲ್ಲ. "ಅಜ್ಜ, ರಿಟೇನರ್ ತೋರಿಸಲಿಕ್ಕೆ ಯಾವಾಗ ಹೋಗೋದು?" ಎಂದು ಕೇಳಿದಳು. ವೈದ್ಯರು ಹೇಳಿದ ದಿನಕ್ಕೆ, ಎಂದೆ.