ಸಂಶೋಧನೆಯೂ ತೆರಿಗೆಯ ರಿಯಾಯಿತಿಯೂ

ನಮ್ಮ ನಂದವರಂ, ಆದವಾನಿ ಸೀಮೆಯಲ್ಲಿ ಹತ್ತಿಯ ವ್ಯಾಪಾರವನ್ನು ಅರಿಯದವರು ವಿರಳ. ಜಿನ್ನಿಂಗ್ ಮಿಲ್ಲೊಂದರ ಮಾಲೀಕರು ಪೇಟೆಯಿಂದ ಹೊಸ ಯಂತ್ರವನ್ನು ಕೊಂಡರೆನ್ನೋಣ. ಮತ್ತೊಬ್ಬರು ಎಳೆ ತುಂಡಾಗದಂತೆ ಬೀಜವನ್ನು ಬೇರ್ಪಡಿಸುವ ಹೊಸ ಬಗೆಯನ್ನು ಅರಸಿ ವರ್ಷವಿಡೀ ಪ್ರಯೋಗ ನಡೆಸಿದರೆನ್ನೋಣ. ಇಬ್ಬರೂ ಹಣ ವೆಚ್ಚಮಾಡಿದರು. ಸಂಶೋಧನೆ ಮಾಡಿದವರು ಯಾರು? ತೆರಿಗೆಯ ಶಾಸನವು ಕೇಳುವ ಮೊದಲ ಪ್ರಶ್ನೆ ಇದೇ.

1961ರ ಆದಾಯ ತೆರಿಗೆಯ ಕಾಯಿದೆಯು, ಪ್ರಕೃತಿವಿಜ್ಞಾನದಲ್ಲಾಗಲಿ ಅನ್ವಯವಿಜ್ಞಾನದಲ್ಲಾಗಲಿ ಜ್ಞಾನವನ್ನು ವಿಸ್ತರಿಸುವ ಕಾರ್ಯವೇ ವೈಜ್ಞಾನಿಕ ಸಂಶೋಧನೆಯೆಂದು ಹೇಳಿತು. ಬೇಸಾಯ, ಪಶುಪಾಲನೆ, ಮೀನುಗಾರಿಕೆಗಳನ್ನೂ ಅದರಲ್ಲಿ ಸೇರಿಸಿತು. ಆದುದರಿಂದ ಎರಡನೆಯವರದು ಸಂಶೋಧನೆ. ಮೊದಲನೆಯವರ ಯಂತ್ರಕ್ಕೆ ಸವಕಳಿಯ ಲೆಕ್ಕ ಮಾತ್ರ. ಆ ಕಾಯಿದೆಯ 35ನೆಯ ವಿಧಿಯಂತೆ, ತನ್ನ ಉದ್ಯಮಕ್ಕೆ ಸಂಬಂಧಿಸಿದ ಸಂಶೋಧನೆಯ ವೆಚ್ಚವನ್ನು ಉದ್ಯಮಿಯು ಆದಾಯದಲ್ಲಿ ಕಳೆಯಬಹುದಾಗಿತ್ತು. ಭೂಮಿಯ ಕ್ರಯ ಮಾತ್ರ ಸಲ್ಲದು.

ಸ್ವಂತ ಪ್ರಯೋಗಾಲಯವುಳ್ಳ ಕಂಪನಿಗಳಿಗೆ ಹೆಚ್ಚಿನ ರಿಯಾಯಿತಿಯೂ ಇದ್ದಿತು. ಅದಕ್ಕೆ ನಿಯಮಗಳು ಬಿಗಿಯಾಗಿದ್ದವು. ಅದು ಕಂಪನಿಯೇ ಆಗಿರಬೇಕು. ವಸ್ತುಗಳನ್ನು ತಯಾರಿಸುವಂಥದಾಗಿರಬೇಕು, ಇಲ್ಲವೆ ಜೈವಿಕ ತಂತ್ರಜ್ಞಾನದ್ದಾಗಿರಬೇಕು. ಮದ್ಯ, ತಂಬಾಕು ಮುಂತಾದವುಗಳಿಗೆ ಸಲ್ಲದು. ಪ್ರಯೋಗಾಲಯಕ್ಕೆ ದೆಹಲಿಯ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಇಲಾಖೆಯ ಮನ್ನಣೆ ಬೇಕು. ಪ್ರತ್ಯೇಕ ಲೆಕ್ಕವಿಟ್ಟು ತಪಾಸಣೆ ಮಾಡಿಸಬೇಕು. ಭೂಮಿ, ಕಟ್ಟಡಗಳ ವೆಚ್ಚವಾಗಲಿ, ಮಾರಾಟದ ಪ್ರಚಾರವಾಗಲಿ, ಸರಕಿನ ದಿನನಿತ್ಯದ ಪರೀಕ್ಷೆಯಾಗಲಿ ಇದರಲ್ಲಿ ಸೇರದು.

2010ರ ಏಪ್ರಿಲಿನಿಂದ ಇಂಥ ಪ್ರಯೋಗಾಲಯದ 100 ರೂಪಾಯಿ ವೆಚ್ಚವನ್ನು 200 ರೂಪಾಯಿಯೆಂದು ಎಣಿಸಿ ಆದಾಯದಲ್ಲಿ ಕಳೆಯುತ್ತಿದ್ದರು. 2017ರ ಏಪ್ರಿಲಿನಿಂದ ಅದು 150 ಆಯಿತು. 2020ರ ಏಪ್ರಿಲಿನಿಂದ ಕೇವಲ 100. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ 2025ರಲ್ಲಿ ಹೊಸ ಕಾಯಿದೆಯಾಯಿತು. ಸಂಶೋಧನೆಯ ವೆಚ್ಚಕ್ಕೆ ಅದರಲ್ಲಿಯೂ ಎಡೆಯುಂಟು. 1981ರಲ್ಲಿ ಅಮೆರಿಕೆಯಲ್ಲಿ ಆರಂಭವಾದ ಪದ್ಧತಿಯು ಬೇರೆ: ಅಲ್ಲಿ ವೆಚ್ಚದ ಒಂದು ಪಾಲನ್ನು ಆದಾಯದಲ್ಲಲ್ಲ, ತೆರಿಗೆಯಲ್ಲಿಯೇ ಕಳೆಯುತ್ತಾರೆ.

ಈ ನಿಯಮಗಳಲ್ಲಿ ಮಕ್ಕಳೂ ಪೋಷಕರೂ ಗಮನಿಸತಕ್ಕ ಅಂಶವೊಂದುಂಟು. ಪ್ರಯೋಗವು ಸಫಲವಾಗಲೇಬೇಕೆಂದು ಶಾಸನವು ಎಲ್ಲಿಯೂ ವಿಧಿಸಿಲ್ಲ. ಅದು ಬೇಡುವುದು ನಿಜವಾದ ಪ್ರಯತ್ನವನ್ನು, ನಿಜವಾದ ಲೆಕ್ಕವನ್ನು.

ವಿಜ್ಞಾನದ ಪ್ರಯೋಗ ಪುಸ್ತಕಗಳನ್ನು ತಿದ್ದುವಾಗ, ಬಾರದ ಉತ್ತರವನ್ನು ಬಂದಿತೆಂದು ಬರೆದ ಪುಟಗಳನ್ನು ನಾವು ಕಂಡಿದ್ದೇವೆ. ಕಂಡೂ ಅಂಕಗಳನ್ನು ಕೊಟ್ಟಿದ್ದೇವೆ. ಅದು ನಮ್ಮ ತಪ್ಪು. ಇನ್ನು ಮುಂದೆ, ತಪ್ಪಿದ ಪ್ರಯೋಗವನ್ನು ತಪ್ಪಿತೆಂದೇ ಬರೆದ ವಿದ್ಯಾರ್ಥಿಗೆ ಅಂಕವು ಕಡಿಮೆಯಾಗದು. ಮನೆಯಲ್ಲಿ ಹಿರಿಯರೂ ಅಂಥ ಪುಟವನ್ನು ನೋಡಿ ಮಗುವನ್ನು ಗದರಿಸದಿರಲೆಂದು ಪ್ರಾರ್ಥಿಸುತ್ತೇವೆ.