ರಾತ್ರಿ ನೆನೆಹಾಕಿದ ಕಾಫಿ

ಉದ್ದು, ಕಡಲೆ, ಮೆಂತ್ಯ ರಾತ್ರಿ ನೆನೆಯುವುದು ಚಿಕ್ಕಬಳ್ಳಾಪುರ ಜಿಲ್ಲೆಯ ಮಂಚೇನಹಳ್ಳಿಯ ಯಾವ ಅಡುಗೆಮನೆಗೂ ಹೊಸದಲ್ಲ. ಕೋಲ್ಡ್ ಬ್ರೂ ಕಾಫಿಯೂ ಆ ಸಾಲಿನದೇ. ಕಾಫಿಪುಡಿಯನ್ನು ಸಂಜೆ ತಣ್ಣೀರಿನಲ್ಲಿ ನೆನೆಹಾಕಿ ಮಾರನೆಯ ದಿನ ಸೋಸಿಕೊಂಡರೆ ಮುಗಿಯಿತು. ಬಿಸಿ ಡಿಕಾಕ್ಷನ್ ಆರಿಸಿ ಐಸ್ ಹಾಕಿದ್ದು ಕೋಲ್ಡ್ ಕಾಫಿ. ಕೋಲ್ಡ್ ಬ್ರೂಗೆ ಒಲೆಯನ್ನೇ ಹಚ್ಚುವುದಿಲ್ಲ.

ಬೆಂಕಿಯ ಕೆಲಸ ಹೊತ್ತಿನ ಪಾಲಿಗೆ

ಕುದಿನೀರು ನಿಮಿಷಗಳಲ್ಲಿ ಇಳಿಸುವ ಸಾರವನ್ನು ತಣ್ಣೀರು ಇಳಿಸಲು 16ರಿಂದ 20 ಗಂಟೆ ಬೇಕು. ಇಳಿಯುವ ಸಾರವೂ ಒಂದೇ ತೆರನಲ್ಲ. ಕೆಲವು ಆಮ್ಲಗಳು, ಕಹಿಯ ಅಂಶಗಳು ಕಾವಿಲ್ಲದೆ ಪುಡಿಯಲ್ಲೇ ಉಳಿಯುತ್ತವೆ. ಹಾಗಾಗಿ ರುಚಿ ನಯ. ಬಿಸಿ ಲೋಟದಿಂದ ಏಳುವ ಘಮ ಮಾತ್ರ ಸಿಗದು. ಕೆಫೀನ್ ತಣ್ಣೀರಿಗೂ ಚೆನ್ನಾಗಿಯೇ ಇಳಿಯುತ್ತದೆ. ನಾಲಿಗೆಗೆ ಹಗುರವೆಂದು ಸಂಜೆ ಎರಡು ಲೋಟ ಕುಡಿದರೆ ನಿದ್ದೆಗೆ ಸಂಚಕಾರ.

ಪುಡಿ

ಮಂಚೇನಹಳ್ಳಿಯದು ರಾಗಿ, ರೇಷ್ಮೆ, ಹಾಲಿನ ಸೀಮೆ. ಕಾಫಿ ಬೀಜ ಚಿಕ್ಕಮಗಳೂರು, ಕೊಡಗು, ಹಾಸನದ ಕಡೆಯಿಂದ ಬರಬೇಕು. ಅಂಗಡಿಯಲ್ಲಿ ಎರಡು ಮಾತು ಹೇಳಿ: ಚಿಕೋರಿ ಬೇಡ, ಪುಡಿ ರವೆಯಂತೆ ತರಿಯಾಗಿರಲಿ. ಚಿಕೋರಿ ನೀರಿಗೆ ಬೇಗ ಬಿಟ್ಟುಕೊಂಡು ಕಾಫಿಯ ರುಚಿಯನ್ನು ಮುಚ್ಚಿಬಿಡುತ್ತದೆ. ಫಿಲ್ಟರಿಗೆ ಹಾಕುವ ನುಣ್ಣನೆಯ ಪುಡಿಯಾದರೆ ಬಟ್ಟೆಯ ಕಣ್ಣು ಕಟ್ಟಿ, ತಳದಲ್ಲಿ ಕೆಸರು ನಿಲ್ಲುತ್ತದೆ. ರೊಬಸ್ಟಾ ಬಗೆಯ ಬೀಜದಲ್ಲಿ ಕಹಿಯೂ ಕೆಫೀನೂ ಹೆಚ್ಚು. ನಯವಾದ ರುಚಿಗೆ ಅರೇಬಿಕಾ ಒಳ್ಳೆಯದು.

ನೀರು

ಲೋಟದಲ್ಲಿರುವುದು ಬಹುಪಾಲು ನೀರೇ. ಚಿಕ್ಕಬಳ್ಳಾಪುರ ಜಿಲ್ಲೆಯ ಜನಕ್ಕೆ ಆಳದ ಕೊಳವೆಬಾವಿಯ ಕಷ್ಟ ಗೊತ್ತು: ಗಡಸು, ಹಲವೆಡೆ ಫ್ಲೋರೈಡ್. ಗಡಸು ನೀರಿನ ಬೈಕಾರ್ಬೊನೇಟ್ ಕಾಫಿಯ ಹಿತವಾದ ಹುಳಿಯನ್ನು ಅಡಗಿಸಿ ರುಚಿಯನ್ನು ಸಪ್ಪೆ ಮಾಡುತ್ತದೆ. ಫ್ಲೋರೈಡ್ ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಕುದಿಸಿದರೆ ಸಾಯುವ ರೋಗಾಣುಗಳಿಗೆ ಕೋಲ್ಡ್ ಬ್ರೂನಲ್ಲಿ ಆ ತಡೆಯೂ ಇಲ್ಲ. ಆದ್ದರಿಂದ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಬಳಸಿ. ಬಾಟಲಿ, ಸೋಸುವ ಬಟ್ಟೆ ಎರಡನ್ನೂ ಬಿಸಿನೀರಿನಲ್ಲಿ ತೊಳೆದಿರಬೇಕು.

ಮಾಡುವ ಬಗೆ

1. ಗಾಜಿನ ಬಾಟಲಿಗೆ 100 ಗ್ರಾಂ ಪುಡಿ, 800 ಮಿಲಿಲೀಟರ್ ನೀರು ಹಾಕಿ. ಪುಡಿ ಪೂರ್ತಿ ನೆನೆಯುವಂತೆ ಕದಡಿ, ಮುಚ್ಚಿ.

2. ಫ್ರಿಜ್ಜಿನಲ್ಲಿಡಿ. ಬೇಸಿಗೆಯ ಧಗೆಯಲ್ಲಿ ಹೊರಗೆ ಬಿಡಬೇಡಿ. ಸಂಜೆ 6ಕ್ಕೆ ಇಟ್ಟರೆ ಬೆಳಿಗ್ಗೆ 10ಕ್ಕೆ 16 ಗಂಟೆಯಾಗುತ್ತದೆ.

3. ಮೊದಲು ಜಾಲರಿಯಲ್ಲಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಸೋಸಿ. ಬಟ್ಟೆ ಹಿಂಡಬೇಡಿ, ಹಿಂಡಿದರೆ ಗಸಿಯೂ ಇಳಿಯುತ್ತದೆ. ಪುಡಿ ತನ್ನ ಎರಡರಷ್ಟು ನೀರು ಕುಡಿಯುವುದರಿಂದ ಕೈಗೆ ಸಿಗುವುದು 600 ಮಿಲಿಲೀಟರ್ ಆಸುಪಾಸು.

4. ಸೋಸಿದ್ದನ್ನು ಫ್ರಿಜ್ಜಿನಲ್ಲೇ ಇಟ್ಟು ಒಂದು ವಾರದೊಳಗೆ ಮುಗಿಸಿ. ಹಾಲು ಬೆರೆಸಿದ್ದನ್ನು ಆಗಲೇ ಕುಡಿದುಬಿಡಿ.

ಗಟ್ಟಿ ಎನಿಸಿದರೆ ನೀರನ್ನೋ ಕಾಯಿಸಿ ಆರಿಸಿದ ಹಾಲನ್ನೋ ಬೆರೆಸಿಕೊಳ್ಳಿ. ಬೆಲ್ಲ ತಣ್ಣನೆಯದರಲ್ಲಿ ಬೇಗ ಕರಗದು. ಮೊದಲೇ ಪಾಕ ಮಾಡಿಟ್ಟುಕೊಳ್ಳಿ.

ಸೋಸಿದ ಮೇಲೆ ತಿದ್ದಲು ಹೆಚ್ಚೇನೂ ಉಳಿಯುವುದಿಲ್ಲ. ನೀರುನೀರಾಗಿದ್ದರೆ ಮುಂದಿನ ಸಲ ಎರಡು ಗಂಟೆ ಹೆಚ್ಚು ನೆನೆಸಿ, ಒಗರಾಗಿದ್ದರೆ ಎರಡು ಗಂಟೆ ಮೊದಲೇ ಸೋಸಿ. ಬಾಟಲಿಯ ಮೇಲೆ ಇಟ್ಟ ಹೊತ್ತನ್ನು ಬರೆದಿಡಿ. ಎರಡು ಮೂರು ಸಲದಲ್ಲಿ ನಿಮ್ಮ ಮನೆಯ ನೀರಿಗೆ, ನಿಮ್ಮ ಪುಡಿಗೆ ಒಪ್ಪುವ ಗಂಟೆ ಸಿಕ್ಕಿರುತ್ತದೆ.