ಕಾರ್ಖಾನೆಯ ಆಪತ್ಕಾಲದ ಯೋಜನೆ

ನನ್ನ ತಂದೆಯವರು ಕ್ಲೋರಿನ್ ಅನಿಲವನ್ನು ಬಳಸುವ ಒಂದು ಕಾರ್ಖಾನೆಯಲ್ಲಿ ಗುತ್ತಿಗೆಯ ಕೂಲಿಗಾರರು. ಅಲ್ಲಿಯ ಗೋಡೆಯ ಮೇಲೆ, ಅಪಘಾತವಾದಾಗ ಮಾಡತಕ್ಕ ಕೆಲಸಗಳ ಪಟ್ಟಿಯೊಂದನ್ನು ಇಂಗ್ಲಿಷಿನಲ್ಲಿ ಅಂಟಿಸಿದ್ದಾರೆ. ನಾಲ್ಕನೆಯ ತರಗತಿಯವರೆಗೆ ಕನ್ನಡ ಓದಿದ ಅವರು ಮೊಬೈಲಿನಲ್ಲಿ ಅದರ ಚಿತ್ರ ತೆಗೆದು ತಂದು, "ಬಿ.ಎ. ಓದ್ತಿದೀಯಲ್ಲ, ಇದ್ರಲ್ಲೇನೈತೆ ಹೇಳಪ್ಪ" ಎಂದರು. ಅದನ್ನು ಬಿಡಿಸಿ ಹೇಳಲು ನಾನು ಓದಿ ತಿಳಿದುದನ್ನೇ ಇಲ್ಲಿ ಬರೆದಿದ್ದೇನೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬುದೇ ಇಂತಹ ಯೋಜನೆಯ ತಿರುಳು. ಇದನ್ನು ರಚಿಸುವವರು ಮೊದಲು ಕೆಟ್ಟದ್ದನ್ನೇ ಊಹಿಸಬೇಕು. ಯಾವ ತೊಟ್ಟಿಯಲ್ಲಿ ಎಷ್ಟು ಅನಿಲವಿದೆ? ಸೋರಿದರೆ ಅದು ಎತ್ತ ಸಾಗೀತು? ಕ್ಲೋರಿನ್ ಗಾಳಿಗಿಂತ ಸುಮಾರು 2.5 ಪಟ್ಟು ಭಾರ. ಆದುದರಿಂದ ನೀರಿನಂತೆ ತಗ್ಗಿಗೆ ಇಳಿಯುತ್ತದೆ. ಹೆದರಿ ನೆಲಮಾಳಿಗೆಯಲ್ಲಿ ಅಡಗಿದವನಿಗೆ ಅಪಾಯವೇ ಹೆಚ್ಚು. ಅನಿಲ ಸಾಗುವ ದಾರಿಗೆ ಅಡ್ಡಲಾಗಿ ಸರಿದು ಎತ್ತರದ ಜಾಗವನ್ನು ಸೇರಬೇಕು. ಕೂಲಿಗಾರರು ಸೇರುವ ಸ್ಥಳ ಒಂದೇ ಇದ್ದು, ಗಾಳಿಯು ಅತ್ತಲೇ ಬೀಸಿದರೆ ಗತಿಯೇನು? ಆದ್ದರಿಂದ ಬೇರೆ ಬೇರೆ ದಿಕ್ಕಿನಲ್ಲಿ ಎರಡು ಸ್ಥಳಗಳಾದರೂ ಇರಬೇಕು.

ರಾತ್ರಿ ಎರಡು ಗಂಟೆಗೆ ಮ್ಯಾನೇಜರರು ಮನೆಯಲ್ಲಿ ಮಲಗಿರುತ್ತಾರೆ. ಅವರು ಬರುವ ತನಕ ಯಂತ್ರವನ್ನು ನಿಲ್ಲಿಸುವ, ಸೈರನ್ ಕೂಗಿಸುವ ಅಧಿಕಾರವು ಪಾಳಿಯಲ್ಲಿರುವ ಯಾರಿಗೆಂಬುದನ್ನು ಮೊದಲೇ ಬರೆದಿಡಬೇಕು. ಬಳಿಕ ತಲೆ ಎಣಿಕೆ. ಇದು ಸಣ್ಣ ಕೆಲಸವೆಂದು ನನಗೆ ಮೊದಲು ತೋರಿತ್ತು. ಆದರೆ ನನ್ನ ತಂದೆಯವರ ಹೆಸರು ಗುತ್ತಿಗೆದಾರನ ಪುಸ್ತಕದಲ್ಲಿದೆ, ಗೇಟಿನ ಪುಸ್ತಕದಲ್ಲಿಲ್ಲ. ಪುಸ್ತಕದಲ್ಲಿಲ್ಲದ ಮನುಷ್ಯನನ್ನು ಹೊಗೆಯೊಳಗೆ ಹೋಗಿ ಹುಡುಕುವವರು ಯಾರು?

1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ತೊಟ್ಟಿಯೊಂದಕ್ಕೆ ನೀರು ಸೇರಿ, ಸುಮಾರು 40 ಟನ್ ಮೀಥೈಲ್ ಐಸೊಸೈನೇಟ್ ಹೊರಬಿದ್ದಿತು. ತೊಟ್ಟಿಯನ್ನು ತಂಪಾಗಿಡುವ ಯಂತ್ರವನ್ನು ಮೊದಲೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರವೂ ಕೆಲಸ ಮಾಡುತ್ತಿರಲಿಲ್ಲ. ಊರವರನ್ನು ಎಚ್ಚರಿಸುವ ಸೈರನ್ ಸ್ವಲ್ಪ ಹೊತ್ತು ಕೂಗಿ ನಿಂತಿತು. ಎತ್ತ ಓಡಬೇಕೆಂಬುದಾಗಲಿ, ಒದ್ದೆ ಬಟ್ಟೆಯಿಂದ ಮುಖ ಮುಚ್ಚಿಕೊಳ್ಳಬೇಕೆಂಬುದಾಗಲಿ ಗುಡಿಸಲುಗಳ ಜನಕ್ಕೆ ಗೊತ್ತಿರಲಿಲ್ಲ. ಸಾವಿರಾರು ಮಂದಿ ಮಡಿದರು.

ಆ ಬಳಿಕ, 1987ರಲ್ಲಿ ಕಾರ್ಖಾನೆಗಳ ಕಾಯಿದೆಯನ್ನು ತಿದ್ದಲಾಯಿತು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬಂದವು. ಗೊತ್ತುಮಾಡಿದ ಪ್ರಮಾಣಕ್ಕಿಂತ ಹೆಚ್ಚು ದಾಸ್ತಾನುಳ್ಳವರು ಆವರಣದೊಳಗಿನ ಯೋಜನೆಯನ್ನು ಬರೆದಿಟ್ಟು, ಆರು ತಿಂಗಳಿಗೊಮ್ಮೆ ಅಣಕು ಕವಾಯತು ನಡೆಸಬೇಕು. ಅಪಘಾತವಾದರೆ ಏನು ಮಾಡಬೇಕೆಂಬುದನ್ನು ನೆರೆಹೊರೆಯವರಿಗೂ ತಿಳಿಸಬೇಕು. ಕಾರ್ಖಾನೆಯಿಂದ ಕೂಗಳತೆಯಲ್ಲಿರುವ ನಮ್ಮ ಮನೆಗೆ ಇದುವರೆಗೆ ಯಾರೂ ಬಂದು ಹೇಳಿಲ್ಲ.

ಪಟ್ಟಿಯನ್ನು ಕನ್ನಡದಲ್ಲಿ ಓದಿ ಹೇಳಿದಾಗ ನನ್ನ ತಾಯಿಯವರು ಒಲೆಯ ಬಳಿಯಿಂದಲೇ, "ಆ ಸೈರನ್ನು ಪಾಳಿ ಬಿಡೋ ಸೈರನ್ನಿನ ಹಾಗೇ ಕೂಗ್ತದೋ, ಬೇರೆ ಥರವೋ?" ಎಂದು ಕೇಳಿದರು. ಪಟ್ಟಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಮೇಲ್ವಿಚಾರಕರನ್ನು ಕೇಳಿ ಬರುವೆನೆಂದು ತಂದೆಯವರು ಕನ್ನಡದ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ರಾತ್ರಿ ಪಾಳಿಗೆ ಹೊರಟರು.